ಬಾವಿಗೂ ದ್ರಾಕ್ಷಿಗೂ ನಡುವೆ ಜುನೇದ

ಹಾರೂಗೇರಿಯ ಜುನೇದನಿಗೆ ಹೆವಿ ಲೈಸೆನ್ಸ್ ಬಂದ ದಿನ ಅವನ ತಾಯಿ ಚಮನಬಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಆ ಕಾರ್ಡನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಂಡ ಠೀವಿ ನೋಡಿದರೆ, ಬಿಜಾಪುರದ ಸುಲ್ತಾನರು ಒಂದು ಪರಗಣೆಯನ್ನೇ ಅವನ ಹೆಸರಿಗೆ ಬರೆದುಕೊಟ್ಟಂತಿತ್ತು. ಸನದು ಏನೋ ಕೈಗೆ ಬಂತು. ಏರಲು ಆನೆ ಮಾತ್ರ ಸಿಗಲಿಲ್ಲ.

ನಿಪ್ಪಾಣಿಯಲ್ಲಿ ತಂಬಾಕಿನ ಲಾರಿ ಇಟ್ಟವರು "ಅನುಭವ ಎಷ್ಟೈತಿ?" ಎಂದು ಕೇಳಿದರು. ಚಿಕ್ಕೋಡಿಯಲ್ಲಿ ಜಲ್ಲಿ ಸಾಗಿಸುವವರೂ ಅದನ್ನೇ ಕೇಳಿದರು. ಕಾಗವಾಡದಲ್ಲಿ ಅದನ್ನೇ ಮರಾಠಿಯಲ್ಲಿ ಕೇಳಿ ಚಹಾ ಕುಡಿಸಿ ಕಳಿಸಿದರು. ಲಾರಿ ಕೊಡಿರಿ, ಅನುಭವ ತಾನೇ ಬರುತ್ತದೆ ಎಂದು ಜುನೇದ ವಾದಿಸಿದ. ಅನುಭವ ತಗೊಂಡು ಬಾ, ಲಾರಿ ತಾನೇ ಬರುತ್ತದೆ ಎಂದರು ಮಾಲಕರು. ಈ ತರ್ಕದಲ್ಲಿ ಎರಡೂ ಕಡೆಯವರು ಸರಿಯಾಗಿದ್ದುದರಿಂದ ಜುನೇದ ಮನೆಯಲ್ಲಿ ಕೂತ.

ಅವನನ್ನು ಎಬ್ಬಿಸಿದ್ದು ಕಾಸಿಮಸಾಬನ ಕಣ್ಣು. ಊರಿನ ಬಾಬಾಸಾಹೇಬರ ಕಬ್ಬಿನ ಲಾರಿಯ ಹಳೆಯ ಡ್ರೈವರ್ ಕಾಸಿಮಸಾಬನಿಗೆ ಕಣ್ಣಿನ ಪೊರೆ ತೆಗೆದು, ಅಂಗೈ ಅಗಲದ ಕಪ್ಪು ಕನ್ನಡಕ ಹಾಕಿ, ಗಾಡಿ ಮುಟ್ಟಬೇಡ ಎಂದು ಡಾಕ್ಟರು ಕಳಿಸಿದ್ದರು. ಬಾಬಾಸಾಹೇಬರು ಕಾಗವಾಡದ ಭರತ ಎಂಬ ಪಳಗಿದ ಡ್ರೈವರನನ್ನು ಗೊತ್ತುಮಾಡಿದರು. ಅವನು ಬರುವುದು ಸೋಮವಾರ. ಆದರೆ ರವಿವಾರವೇ ಐಗಳಿಯ ಧರೆಪ್ಪನ ಹೊಲದಲ್ಲಿ ಒಂದು ಲೋಡು ಕಾಯುತ್ತಿತ್ತು.

"ಒಂದ ಲೋಡ್ ಕೊಡ್ತೀನಿ," ಎಂದರು ಬಾಬಾಸಾಹೇಬರು. "ಕಾರ್ಖಾನಿ ಗೇಟಿಗೆ ನೆಟ್ಟಗ ಮುಟ್ಟಿಸಿದಿ, ಹಂಗಾಮ ಮುಗಿಯೂತನಕ ಸ್ಟೇರಿಂಗ್ ನಿಂದ. ಭರತಗ ಬರಬ್ಯಾಡ ಅಂತೀನಿ. ಎಲ್ಲೆರೆ ಗಾಡಿ ಮಲಗಿಸಿದಿ, ಆ ಕಾರ್ಡ್ ಮತ್ತ ನನ್ನ ಮುಂದ ಹಿಡೀಬ್ಯಾಡ."

"ಹೂನ್ರಿ ಮಾಲಕ್ರ."

"ಕಾಸಿಮಸಾಬ ಜೋಡಿ ಬರ್ತಾನ. ಅವ ಹೇಳಿದಂಗ ಕೇಳು."

ಹೀಗೆ, ಕಣ್ಣು ಕಾಣದ ಗುರುವನ್ನು ಎಡಗಡೆ ಕೂರಿಸಿಕೊಂಡು, ರಸ್ತೆ ಕಾಣದ ಶಿಷ್ಯ ದಂಡಯಾತ್ರೆಗೆ ಹೊರಟ. ಗುರುವಿನ ಉಪದೇಶ ಹಾರೂಗೇರಿ ದಾಟುವ ಮೊದಲೇ ಶುರುವಾಯಿತು.

"ಒಂದ ಮಾತ ನೆನಪಿಟ್ಕೊ ಬೇಟಾ. ಲೋಡ್ ಆದ ಮ್ಯಾಲ ಹೊಲದಾಗಿಂದ ಡಾಂಬರ್ ಮುಟ್ಟೂತನಕ ಡ್ರೈವರ್ ಸೀಟ್ ಬಿಟ್ಟ ಇಳೀಬಾರ್ದು. ಇಳದ ನೆಲಾ ನೋಡಿದಾಂವ ಹೆದರಿದಾಂವ. ಈ ಕಾಸಿಮಸಾಬ ಇಷ್ಟ ವರ್ಷದಾಗ ಒಮ್ಮೆ ಇಳದಿಲ್ಲ."

ಕಬ್ಬಿನ ಡ್ರೈವರುಗಳ ನಡುವೆ ಇದು ಬರೆಯದ ಕಾನೂನು. ನಡುಹೊಲದಲ್ಲಿ ಇಳಿದವನ ಹೆಸರು ಕಾರ್ಖಾನೆಯ ಮುಂದಿನ ಚಹಾ ಅಂಗಡಿಗೆ ಅವನಿಗಿಂತ ಮೊದಲೇ ಮುಟ್ಟಿರುತ್ತದೆ. ಜುನೇದ ಇಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದ.

ಧರೆಪ್ಪನ ಹೊಲಕ್ಕೆ ಹೋಗುವ ದಾರಿಯಲ್ಲಿ ಒಂದು ಇಕ್ಕಟ್ಟಿನ ಜಾಗವಿತ್ತು. ಹೊರಗೆ ಬರುವಾಗ ಎಡಕ್ಕೆ ಹಳೆಯ ತೆರೆದ ಬಾವಿ, ಅದರ ಒಂದು ಮಗ್ಗುಲಿನ ಕಟ್ಟೆ ಎಂದೋ ಕುಸಿದು ಒಳಗೆ ಹೋಗಿತ್ತು. ಬಲಕ್ಕೆ ಅಕ್ಕವ್ವ ಎಂಬ ಮುದುಕಿಯ ದ್ರಾಕ್ಷಿ ತೋಟ. ಕಬ್ಬಿಣದ ಕಂಬ, ಬಿಗಿದ ತಂತಿ, ಕೊಯ್ಲಿಗೆ ಬಂದ ಗೊಂಚಲು. ಎರಡರ ನಡುವೆ ಒಂದು ಲಾರಿಯಷ್ಟೇ ದಾರಿ. ಬೆಳಿಗ್ಗೆ ಖಾಲಿ ಗಾಡಿ ಸಲೀಸಾಗಿ ಒಳಗೆ ಹೋಯಿತು. ಜುನೇದ ಸಿಳ್ಳೆಯನ್ನೂ ಹಾಕಿದ.

ಹೊಲದಲ್ಲಿ ಹಬ್ಬ ನಡೆದಿತ್ತು. ಅದು ಧರೆಪ್ಪನ ಕಡೇ ಲೋಡು. ಕಡೇ ಲೋಡೆಂದರೆ ಹೊಲದಲ್ಲಿ ಒಂದು ಜಲ್ಲೆಯನ್ನೂ ಬಿಡುವಂತಿಲ್ಲ. ಬಿಟ್ಟರೆ ಮುಂದಿನ ವರ್ಷದ ಬೆಳೆ ಮುನಿಸಿಕೊಳ್ಳುತ್ತದೆಂದು ಧರೆಪ್ಪನ ನಂಬಿಕೆ. ಕಾರ್ಖಾನೆಯೂ ಒಂದೇ ಟ್ರಿಪ್ಪಿಗೆ ಒಪ್ಪಿಗೆ ಕೊಟ್ಟಿತ್ತು. ಗಡಿಯಾಚೆಯಿಂದ ಬಂದ ಕಟಾವಿನ ತಂಡ ಆ ಸಂಜೆಯೇ ಬೇರೆ ಊರಿಗೆ ಹೊರಡುವುದಿತ್ತು. ಹೀಗಾಗಿ ಎರಡು ಲಾರಿಯ ಕಬ್ಬು ಒಂದರ ಮೇಲೆ ಏರತೊಡಗಿತು. ತಂಡದವರು ತಲೆಯ ಮೇಲೆ ಕಟ್ಟು ಹೊತ್ತು, ಹಲಗೆ ಹತ್ತಿ, ಮೇಲೆ ಮೇಲೆ ಒಟ್ಟಿದರು. ಲಾರಿಯ ಎರಡೂ ಮಗ್ಗುಲಿಗೆ ಕಬ್ಬು ಮೀಸೆಯಂತೆ ಚಾಚಿತು. ಕನ್ನಡಿಯಲ್ಲಿ ಕಬ್ಬು ಬಿಟ್ಟು ಬೇರೇನೂ ಕಾಣದಾಯಿತು. ತುದಿಗೆ ಹಸಿರು ಸೋಗೆಯ ತುರಾಯಿ ಕಟ್ಟಿ, ಗುಲಾಲು ಎರಚಿದರು.

"ಚಾಚಾ, ಬಾಳ ಎತ್ತರ ಆತಲ್ಲ?" ಎಂದು ಜುನೇದ ಪಿಸುಗುಟ್ಟಿದ.

"ಎತ್ತರ ಆಗ್ಲಿ," ಎಂದ ಕಾಸಿಮಸಾಬ, ಲೋಡಿದ್ದ ಕಡೆಗಲ್ಲ, ಬೇವಿನ ಮರದ ಕಡೆಗೆ ನೋಡುತ್ತ. "ನನಗೇನ ಎತ್ತರ ಕಾಣಸವಲ್ದು."

ಗಾಡಿ ಹೊರಟಿತು. ಪಟಾಕಿ ಸಿಡಿಯಿತು. ಕಬ್ಬಿನ ಬೆಟ್ಟ ತೂಗುತ್ತ, ಕಿರ್ರೆನ್ನುತ್ತ, ಬಾವಿಯ ಹತ್ತಿರ ಬಂತು. ಮುಂದಿನ ಎಡಗಾಲಿ ಇಕ್ಕಟ್ಟಿಗೆ ಕಾಲಿಟ್ಟಿದ್ದೇ ತಡ, ಅಡಿಯಲ್ಲಿ ನೆಲ ಮೆತ್ತಗೆ ಕೂತಿತು. ಲಾರಿ ಬಾವಿಯ ಕಡೆಗೆ ಒಂದು ಸಲಾಮು ಹೊಡೆಯಿತು. ಮೇಲಿನ ಹಗ್ಗ ಠಣ್ ಎಂದು ಬಿಗಿಯಿತು. ಜುನೇದ ಬ್ರೇಕ್ ಒತ್ತಿ ನಿಂತ.

ಆಗ ದಾರಿ ತೋರಿಸುವವರು ಹುಟ್ಟಿಕೊಂಡರು. ನಮ್ಮ ಕಡೆ ನಿಂತ ಲಾರಿ ಕಂಡರೆ ಸುಮ್ಮನೆ ಹೋಗುವವನಿಲ್ಲ. ಪ್ರತಿಯೊಬ್ಬನೂ ಅದಕ್ಕೆ ಸೇನಾಪತಿ.

"ಬಲಕ್ ಹೊಡಿ, ಬಲಕ್!" ಎಂದು ಒಬ್ಬ ಕೂಗಿದ.

"ಬಲಕ್ ಹೊಡದ್ರ ಹಿಂದಿನ ಗಾಲಿ ಎಡಕ್ ಬರ್ತೈತ್ಲೇ! ಸೀದಾ ತಗೋ!"

"ಘೇ ರೇ ಪುಢೆ! ಕಾಯ್ ಹೋತ್ ನಾಹೀ!" ಎಂದು ಕಟಾವಿನ ತಂಡದ ಮುಕಾದಮ ಕಾಕಾಸಾಹೇಬ ಮುಂದಕ್ಕೆ ಒಯ್ಯಲು ಹೇಳಿ, ಏನೂ ಆಗುವುದಿಲ್ಲವೆಂದು ಅಭಯವನ್ನೂ ಕೊಟ್ಟ. ಅವನು ನಿಂತದ್ದು ಬಾವಿಯಿಂದ ಬಹಳ ದೂರ.

"ರೇಸ್ ಮಾಡಿ ಒಮ್ಮೆಲೆ ಜಗ್ಗು ತಮ್ಮಾ!" ಎಂದ ಧರೆಪ್ಪ. "ಅಳಕಬ್ಯಾಡ!"

ಬಲಗಡೆ ಕಿಟಕಿಯ ಕೆಳಗೆ ಅಕ್ಕವ್ವ ಕುಡುಗೋಲು ಹಿಡಿದು ನಿಂತಿದ್ದಳು. ಅವಳು ಕೂಗಲಿಲ್ಲ. "ನನ್ನ ತಂತೀಗೆ ಕಬ್ಬ ತಾಗಿದ್ರ, ನಿನ್ನ ಹಗ್ಗ ಕೊಯ್ತೀನಿ," ಎಂದು ನಿಧಾನವಾಗಿ ಹೇಳಿದಳು.

ಎಡಕ್ಕೆ ಬಾವಿ, ಬಲಕ್ಕೆ ಕುಡುಗೋಲು. ಪರೀಕ್ಷೆಯ ಮೈದಾನದಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಜುನೇದ ಕಾಸಿಮಸಾಬನ ಕಡೆ ನೋಡಿದ. ಆ ಕಪ್ಪು ಕನ್ನಡಕದಲ್ಲಿ ಅವನದೇ ಮುಖ ಎರಡು ಕಾಣಿಸಿತು, ಎರಡೂ ಹೆದರಿದ್ದವು.

"ಚಾಚಾ, ಇಳದ ನೋಡ್ಲಿ?"

"ಇಳದ್ರ ನೀ ನನ್ನ ಶಾಗಿರ್ದ್ ಅಲ್ಲ, ಶಿಷ್ಯಾ ಅಲ್ಲ."

ಮೇಲಿನಿಂದ ಇನ್ನೊಮ್ಮೆ ಕಿರ್ರೆಂದಿತು. ಗಾಲಿಯ ಅಡಿಯ ಮಣ್ಣು ಇನ್ನೊಂದು ಬೆರಳು ಕೂತಿತು. ಜುನೇದ ಎಂಜಿನ್ ಆರಿಸಿದ. ಹ್ಯಾಂಡ್‌ಬ್ರೇಕ್ ಎಳೆದ. ಗೇರಿನಲ್ಲೇ ಬಿಟ್ಟು, ಬಾಗಿಲು ತೆರೆದು, ಸಾಕ್ಷಾತ್ ಎಲ್ಲರ ಕಣ್ಣೆದುರು ಕೆಳಗಿಳಿದ.

ಜನ "ಹೋ" ಎಂದರು. ಕಾಕಾಸಾಹೇಬ ಮೀಸೆಯಡಿ ನಕ್ಕ. "ಉತರ್ಲಾ! ಡ್ರೈವರ್ ಇಳದ! ಅವ್ವನ ಕಡೆ ಹೋಗಾಕತ್ತಾನ ನೋಡ್ರಿ!"

ಜುನೇದ ಅತ್ತ ಕಿವಿ ಕೊಡಲಿಲ್ಲ. ಕೊಡಲು ಕಿವಿಯಲ್ಲಿ ಜಾಗವಿರಲಿಲ್ಲ, ಅವನ ಎದೆಬಡಿತವೇ ತುಂಬಿತ್ತು. ಲಾರಿಯ ಮುಂದಿನಿಂದ ಸುತ್ತಿ ಬಾವಿಯ ಬದಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕೂತ. ಗಾಲಿಯ ಪಕ್ಕ ನೆಲದಲ್ಲಿ ಒಂದು ಬಿರುಕು ಬಾಯಿ ಬಿಟ್ಟಿತ್ತು. ಅವನು ನೋಡುತ್ತಿದ್ದಂತೆಯೇ ಒಂದು ಹೆಂಟೆ ಕಳಚಿ ಕೆಳಗೆ ಹೋಯಿತು. ನೀರಿನ ಸದ್ದು ಬರಲು ತಡವಾಯಿತು. ತಡವಾದಷ್ಟೂ ಸುತ್ತಲಿನ ಸೇನಾಪತಿಗಳು ಸುಮ್ಮನಾದರು.

ಗಾಡಿಯೊಳಗಿಂದ ಕಾಸಿಮಸಾಬ ಕೇಳಿದ: "ಏನ್ ಬಿತ್ತಲೇ ಅದು?"

"ಮಣ್ಣ ಚಾಚಾ."

"ಬಾವಿ ಯಾ ಕಡೆ ಐತಿ?"

"ನಿಮ್ಮ ಕಡೆ."

ಆಮೇಲೆ ಆ ವೀರ, ತನ್ನ ಎಲ್ಲ ವರ್ಷಗಳ ಕೀರ್ತಿಯನ್ನು ಸೀಟಿನ ಮೇಲೆ ಬಿಟ್ಟು, ಗೇರಿನ ಕೋಲು ದಾಟಿ, ಡ್ರೈವರನ ಬಾಗಿಲಿನಿಂದ ಹಿಂದುಮುಂದಾಗಿ ಇಳಿದ. "ಹುಡುಗ ಒಬ್ಬನ ಆದ," ಎಂದು ಯಾರೂ ಕೇಳದಿದ್ದರೂ ವಿವರಿಸಿದ, "ಅದಕ್ಕ ಇಳದೀನಿ."

ಜುನೇದ ಎದ್ದು ನಿಂತ. "ಅರ್ಧಾ ಕಬ್ಬ ಇಳಸ್ರಿ."

"ಏನಂದಿ?" ಧರೆಪ್ಪ ಮುಂದೆ ಬಂದ. "ಕಡೇ ಲೋಡ ಅದು! ಗುಲಾಲ ಹಾರಸೇವಿ! ಹೊಲದಾಗ ಒಂದ ಜಲ್ಲಿ ಉಳೀಬಾರ್ದು!"

"ಉಳಿಯೂದಿಲ್ರಿ ಕಾಕಾ. ನಾ ಗಾಡಿ ಹಿಂದ ತಗೀತೀನಿ. ಮ್ಯಾಲಿಂದ ಅರ್ಧಾ ಇಳಸ್ರಿ, ಹಗೂರ ಮಾಡಿ ದಾಟಸ್ತೀನಿ. ಇಳಿಸಿದ್ದನ್ನ ತಲೀ ಮ್ಯಾಲ ಹೊತ್ತ ಬಾವಿ ದಾಟಸ್ರಿ. ಡಾಂಬರ್ ಮ್ಯಾಲ ಮತ್ತ ಹೇರೂಣು."

"ನಮ್ಮ ಮಂದಿ ಒಂದ ಕಬ್ಬಾ ಎರಡ ಸಲಾ ಹೇರೂದಿಲ್ಲ," ಎಂದ ಕಾಕಾಸಾಹೇಬ. "ನಿನಗ ಬರದಿದ್ರ ಕೆಳಗ ಕೂಡು. ನಮ್ಮ ಟ್ರ್ಯಾಕ್ಟರ್ ಹುಡುಗ ತಗೀತಾನ."

ಅಪಾಯ ಈಗ ಬಾವಿಯಲ್ಲಿರಲಿಲ್ಲ. ಬೇರೆಯವನು ಸೀಟಿಗೆ ಹತ್ತಿದರೆ, ಲಾರಿ ದಾಟಿದರೂ ಜುನೇದ ದಾಟಿದಂತಲ್ಲ. ಬಿದ್ದರಂತೂ ಬಿದ್ದದ್ದು ಅವನ ಹೆಸರಿಗೇ. ಸೋಮವಾರ ಭರತ ಬರುತ್ತಾನೆ. ಜುನೇದ ಸೀದಾ ಹತ್ತಿ, ಚಾವಿ ಕಿತ್ತು, ಚಡ್ಡಿಯ ಒಳಜೇಬಿಗೆ ಇಳಿಸಿ, ಮತ್ತೆ ಇಳಿದು ನಿಂತ.

"ಇಳಸಲಿಲ್ಲಂದ್ರ ಗಾಡಿ ಇಲ್ಲೇ."

ಯುದ್ಧ ಘೋಷಣೆಯಾಯಿತು. ಬೈಗುಳಗಳು ಎರಡು ಭಾಷೆಗಳಲ್ಲಿ ಹಾರಿದವು. ಯಾರೋ ಅವನ ಅಂಗಿಯ ಕಾಲರಿಗೆ ಕೈ ಹಾಕಿದರು. ಅದನ್ನೆಲ್ಲ ನಿಲ್ಲಿಸಿದ್ದು ಅಕ್ಕವ್ವ.

"ನಿಂದ್ರಲೇ ಭಾಡ್ಯಾ, ಅವನ ಕೊಳ್ಳಪಟ್ಟಿ ಬಿಡು! ಆ ಬಾವ್ಯಾಗ ನಮ್ಮ ಎಮ್ಮಿ ಬಿದ್ದಾಗ ಯಾ ಮಗಾ ಇಳದಿದ್ರಿ? ದಂಡಿ ಮ್ಯಾಲ ನಿಂತ ದಾರಿ ತೋರಸಾಕ ಬರ್ತಾರ. ನೆಲಾ ನೋಡಿದಾಂವ ಇವೊಬ್ಬನ."

ಧರೆಪ್ಪ ಬಿರುಕನ್ನು ತಾನೇ ಹೋಗಿ ನೋಡಿ ಬಂದ. ಬಂದವನ ಮುಖದ ಗುಲಾಲು ಹಾಗೇ ಇತ್ತು, ಬಣ್ಣ ಮಾತ್ರ ಇಳಿದಿತ್ತು. "ಇಳಸ್ರಿ," ಎಂದ.

ಮೊದಲು ಲಾರಿಯನ್ನು ಹಿಂದಕ್ಕೆ ಗಟ್ಟಿ ನೆಲಕ್ಕೆ ತೆಗೆಯಬೇಕಿತ್ತು. ಜುನೇದ ಸೀಟಿಗೆ ಹತ್ತಿದ. ಕೆಳಗೆ ಹತ್ತಾರು ಕೈಗಳು ಮತ್ತೆ ಗಾಳಿಯಲ್ಲಿ ಎದ್ದವು. "ಎಲ್ಲಾರೂ ಸುಮ್ಕಿರ್ರಿ," ಎಂದ ಅವನು. "ಆಯಿ, ನೀವೊಬ್ಬರ ಹೇಳ್ರಿ. ನಿಮ್ಮ ತಂತೀಗೆ ಎಷ್ಟ ಹಂತ್ಯಾಕ ಬರಬಹುದು, ಅಷ್ಟ ಹೇಳ್ರಿ."

ಇದಕ್ಕೆ ಕಾರಣವಿತ್ತು. ಬಾವಿಯಿಂದ ದೂರ ಇರಬೇಕೆಂದರೆ ತೋಟಕ್ಕೆ ಅಂಟಿಕೊಂಡೇ ಹೋಗಬೇಕು. ಅಲ್ಲಿದ್ದ ಎಲ್ಲರೂ ಅಂದಾಜಿನ ಮೇಲೆ ಕೂಗುವವರು. ಒಂದು ಎಲೆಯ ದೂರವನ್ನೂ ತಪ್ಪದೆ ಹೇಳಬಲ್ಲವಳು, ಆ ಎಲೆಯ ಒಡತಿ ಒಬ್ಬಳೇ. ಅಕ್ಕವ್ವ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿ ಕಂಬದ ಪಕ್ಕ ನಿಂತಳು.

"ಬಾ. ಇನ್ನ ಬಾ. ಸಾಕು, ನೆಟ್ಟಗ ಮಾಡು."

ಗಾಡಿ ಹಿಂದೆ ಸರಿಯಿತು. ಕಬ್ಬು ಇಳಿಯಿತು. ಇಳಿಸುವವರು ಪ್ರತಿ ಕಟ್ಟಿಗೆ ಒಂದೊಂದು ಬೈಗುಳ ಹಾಕಿದರು. ಅರ್ಧ ಬೆಟ್ಟ ಕರಗಿದ ಮೇಲೆ ಜುನೇದ ಮತ್ತೆ ಮುಂದೆ ಬಂದ. ಮೊದಲ ಗೇರು, ಎಂಜಿನಿನ ಮೆಲ್ಲನೆಯ ಉಸಿರು.

"ಇತ್ತ ಬಾ. ಇನ್ನೊಂದ ಗೇಣ ಐತಿ. ಬಾ. ಚೋಟ ಉಳದೈತಿ. ಹಾಂ, ಹಿಂಗ ನಡಿ."

ದ್ರಾಕ್ಷಿ ಎಲೆಗಳು ಬಾಗಿಲನ್ನು ಸವರಿದವು. ಒಂದು ಗೊಂಚಲು ಅವನ ಮೊಣಕೈಯ ಹತ್ತಿರ ಬಂದು ಹೋಯಿತು. ಮುಂದಿನ ಗಾಲಿಗಳು ದಾಟಿದವು. ಹಿಂದಿನವು ಬಂದಾಗ ಎಡಕ್ಕೆ ಬುಡುಬುಡು ಸದ್ದಾಗಿ ದಂಡೆಯ ಒಂದು ಕಲ್ಲು ಬಾವಿಗೆ ಹಾರಿತು. ಲಾರಿಯ ಹಿಂಭಾಗ ಕುಸಿಯಿತು. ಕಾಲು ಬ್ರೇಕಿನ ಮೇಲೆ ಹಾರಲು ಹವಣಿಸಿತು. ನಿಂತರೆ ಅಲ್ಲೇ ಕೂರುತ್ತದೆ, ಜೋರು ಮಾಡಿದರೆ ಗಾಲಿ ತಿರುಗಿ ಮಣ್ಣು ಕೆದರುತ್ತದೆ. ಅವನು ಎರಡನ್ನೂ ಮಾಡಲಿಲ್ಲ. ಹಲ್ಲು ಕಚ್ಚಿ, ಅದೇ ಆಮೆಯ ವೇಗದಲ್ಲಿ, ಉಸಿರನ್ನು ಮಾತ್ರ ನಿಲ್ಲಿಸಿ ನಡೆಸಿದ. ಲಾರಿ ನರಳಿತು, ತೂಗಿತು, ಎದ್ದಿತು.

"ದಾಟ್ತ ನೋಡು," ಎಂದಳು ಅಕ್ಕವ್ವ. "ನನ್ನ ಎರಡ ಎಲೀ ಹೋದವು. ಹೋಗ್ಲಿ."

ಬಾಬಾಸಾಹೇಬರು ಬೈಕಿನ ಮೇಲೆ ಬಂದಾಗ ಅವರ ಲಾರಿ ಡಾಂಬರಿನ ಮೇಲೆ ಅರ್ಧ ಬೋಳಾಗಿ ನಿಂತಿತ್ತು. ಬಾವಿಯ ಕಡೆಯಿಂದ ತಲೆಯ ಮೇಲೆ ಕಬ್ಬು ಹೊತ್ತ ಮೆರವಣಿಗೆ ಬರುತ್ತಿತ್ತು: ಕಾಕಾಸಾಹೇಬನ ತಂಡ, ಧರೆಪ್ಪ, ಸ್ವಲ್ಪ ಹೊತ್ತಿನ ಹಿಂದಿನ ಸೇನಾಪತಿಗಳೆಲ್ಲರೂ. ಕೊನೆಯಲ್ಲಿ ಕಾಸಿಮಸಾಬ ಒಂದೇ ಜಲ್ಲೆಯನ್ನು ಬಂದೂಕಿನಂತೆ ಹೆಗಲಿಗೇರಿಸಿದ್ದ.

"ಲೋಡ್ ಇಳಿಸಿದೇನಲೇ?" ಬಾಬಾಸಾಹೇಬರ ದನಿ ಏರಿತು. "ಕೆಳಗ ಇಳದ ನಿಂತಿದ್ದೆಂತ? ಚಹಾದಂಗಡಿತನಕ ಸುದ್ದಿ ಬಂದೈತಿ!"

"ಹೂನ್ರಿ ಮಾಲಕ್ರ. ಇಳದೆ."

ಬಾಬಾಸಾಹೇಬರು ಬೈಕು ನಿಲ್ಲಿಸಿ ಬಾವಿಯ ತನಕ ನಡೆದು ಹೋದರು. ಹಿಂದಿನ ಗಾಲಿಯ ಗುರುತನ್ನು ನೋಡಿದರು. ಆ ಗುರುತಿನ ಅಂಚೇ ಬಾವಿಯ ಅಂಚಾಗಿತ್ತು. ಬಗ್ಗಿ ಒಳಗೆ ನೋಡಿ, ಒಂದು ಹೆಜ್ಜೆ ಹಿಂದೆ ಸರಿದರು. ತಿರುಗಿ ಬರುವಾಗ ಅವರ ತಲೆಯ ಮೇಲೂ ಒಂದು ಕಬ್ಬಿನ ಕಟ್ಟು ಕೂತಿತ್ತು.

ಎಲ್ಲ ಹೇರಿದ ಮೇಲೆ ಅವರು ಎಡಗಡೆಯ ಸೀಟಿಗೆ ಹತ್ತಿದರು. ಬೈಕನ್ನು ಧರೆಪ್ಪನ ಸುಪರ್ದಿಗೆ ಬಿಟ್ಟರು. ಕಾಸಿಮಸಾಬ ನಡುವೆ ಒತ್ತಿ ಕೂತ. ಅಥಣಿಯ ದಾರಿ ಹಿಡಿದು ಕಾರ್ಖಾನೆಯ ಚಿಮಣಿ ಕಾಣಿಸಿದೊಡನೆ ಬಾಬಾಸಾಹೇಬರು ಮೊಬೈಲು ತೆಗೆದರು.

"ಭರತಾ? ನಾ ಬಾಬಾಸಾಹೇಬ. ಸೋಮವಾರ ಬರೂದ ಬ್ಯಾಡಪಾ. ಇಲ್ಲಪಾ, ಸಿಟ್ಟಿಲ್ಲ. ಹುಡುಗ ಸಿಕ್ಕಾನ."

ಜುನೇದನಿಗೆ ಅದು ಕೇಳಿಸಲಿಲ್ಲ. ಎದುರಿಗೆ ಗೇಟಿನ ಮುಂದೆ ಏರಿನಲ್ಲಿ ಟ್ರ್ಯಾಕ್ಟರುಗಳ ಉದ್ದ ಸಾಲಿತ್ತು. ತುಂಬಿದ ಗಾಡಿಯನ್ನು ಏರಿನ ಮೇಲೆ ನಿಲ್ಲಿಸಿ, ಹಿಂದಕ್ಕೆ ಜಾರದಂತೆ ಮತ್ತೆ ಎಬ್ಬಿಸುವುದನ್ನು ಅವನು ಇನ್ನೂ ಒಮ್ಮೆಯೂ ಮಾಡಿರಲಿಲ್ಲ.