ಶಶಿಕಲಾ ಮಾಡಿದ ಸ್ಪಂಜು

ಶಶಿಕಲಾ ಮಾಡಿದ ಸ್ಪಂಜಿನಲ್ಲಿ ಯಾವ ದೋಷವೂ ಇರಲಿಲ್ಲ. ಪ್ರಯೋಗ ಕೆಡಿಸಿದ್ದು ನಾನು — ಗೊತ್ತಿದ್ದೂ ತಪ್ಪನ್ನು ಅವಳ ಮೇಲೆ ಹಾಕಿದೆ.

ಆಗ ನಾವಿಬ್ಬರೂ ಮೂಡುಬಿದಿರೆಯ ಒಂದು ಪ್ರಯೋಗಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿನಿಯರು. ನಾನು ಬಂಟ್ವಾಳದವಳು, ಅವಳು ವೇಣೂರಿನವಳು. ಅಕ್ಕಿಕಾಳಿನಷ್ಟು ಪುಟ್ಟ ಸ್ಪಂಜನ್ನು ಅವಳು ತಯಾರಿಸುತ್ತಿದ್ದಳು. ಕ್ಯಾನ್ಸರ್ ಹುಟ್ಟಿಸುವ ಜೀನನ್ನು ಹೊತ್ತ ವೈರಸ್ಸಿನ ದ್ರಾವಣದಲ್ಲಿ ಅದನ್ನು ಅದ್ದಿ, ಇಲಿಯ ಸ್ತನಗ್ರಂಥಿಯ ಬಳಿ ಚರ್ಮದಡಿ ಇಡುವುದು ನನ್ನ ಕೆಲಸ. ವೈರಸ್ ಬೇರೆಡೆ ಹರಡದಂತೆ ಸ್ಪಂಜು ಅದನ್ನು ಅಲ್ಲೇ ಹಿಡಿದಿಡಬೇಕು. ಹೆಂಗಸರಲ್ಲಿ ಆಗುವ ಹಾಗೆ ಒಂದೇ ಜಾಗದ ಕೆಲವೇ ಜೀವಕೋಶಗಳಿಂದ ಗಡ್ಡೆ ಶುರುವಾದರೆ, ಹೊಸ ಮದ್ದುಗಳನ್ನು ಅದರ ಮೇಲೆ ಪರೀಕ್ಷಿಸಬಹುದು — ಅವಳ ಕನಸು ಅದು.

ಒಂದು ದಿನ ದ್ರಾವಣವನ್ನು ಫ್ರೀಜರಿನಿಂದ ತೆಗೆದು, ಮೇಜಿನ ಮೇಲೆ ಮರೆತು ಊಟಕ್ಕೆ ಹೋದೆ. ಮಾತಿಗೆ ಕೂತು ಮರಳುವಾಗ ಸಂಜೆ. ವೈರಸ್ ಕೆಟ್ಟಿರುತ್ತದೆಂದು ಗೊತ್ತಿತ್ತು. ಹೊಸದು ಮಾಡಲು ವಾರಗಳೇ ಬೇಕು, ಬೈಗುಳ ಬೇರೆ... ಅದನ್ನೇ ಬಳಸಿದೆ.

ತಿಂಗಳುಗಳು ಕಳೆದರೂ ಯಾವ ಇಲಿಯಲ್ಲೂ ಗಡ್ಡೆ ಬರಲಿಲ್ಲ. ನಮ್ಮ ಪ್ರೊಫೆಸರ್ ಎಲ್ಲರೆದುರು ಕೇಳಿದರು, "ತಪ್ಪು ಎಲ್ಲಿ ಆದದ್ದು?"

"ಸ್ಪಂಜಿನಲ್ಲೇ ಏನೋ ತೊಂದರೆ ಉಂಟು ಸರ್" ಎಂದೆ.

ಶಶಿಕಲಾ ನನ್ನತ್ತ ನೋಡಿದಳು. ಸ್ಪಂಜಿನ ಕೆಲಸವನ್ನೇ ಪ್ರೊಫೆಸರ್ ನಿಲ್ಲಿಸಿದರು, ಅವಳು ಸಂಶೋಧನೆ ಬಿಟ್ಟಳು. ಬೆಳ್ತಂಗಡಿಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರಾದಳು. ನಾನು ಬೇರೆ ವಿಷಯ ಹಿಡಿದು ಡಾಕ್ಟರೇಟ್ ಪಡೆದೆ, ಅಲ್ಲೇ ಕೆಲಸಕ್ಕೂ ಸೇರಿದೆ.

ಈ ವರ್ಷ ಅವಳ ವಿಧಾನದಲ್ಲೇ ಸ್ಪಂಜು ಮಾಡಿ, ಹೊಸ ದ್ರಾವಣದಲ್ಲಿ ಅದ್ದಿ ಇಲಿಗಳಲ್ಲಿ ಇಟ್ಟು ನೋಡಿದೆ. ಧೈರ್ಯ ಬಂತೆಂದಲ್ಲ — ಸುಮ್ಮನಿರಲಾಗಲಿಲ್ಲ. ಒಂದು ಬೆಳಿಗ್ಗೆ ಇಲಿಯನ್ನು ಎತ್ತಿಕೊಂಡಾಗ ಬೆರಳಿಗೆ ಗಟ್ಟಿಯಾದ ಗಂಟು ತಾಗಿತು.

ಮರುದಿನ ಬೆಳ್ತಂಗಡಿಗೆ ಹೋದೆ. ಶಾಲೆಯ ಜಗಲಿಯಲ್ಲಿ ನಿಂತೇ ಎಲ್ಲವನ್ನೂ ಹೇಳಿದೆ.

"ಇಷ್ಟು ವರ್ಷ ನನ್ನ ಕೈಯೇ ಸರಿ ಇಲ್ಲ ಅಂತ ಗ್ರಹಿಸಿದ್ದೆ, ಜುಬೈದಾ" ಎಂದಳು ಶಶಿಕಲಾ.

ಆಮೇಲೆ ಕೇಳಿದಳು, "ಗಡ್ಡೆ ಬೇರೆ ಕಡೆಯೂ ಬಂದಿದೆಯಾ?"

"ಇಲ್ಲ. ಸ್ಪಂಜು ಇಟ್ಟಲ್ಲಿ ಮಾತ್ರ."

ಅವಳು ಕಣ್ಣೊರೆಸಿಕೊಂಡಳು — ಒರೆಸುತ್ತಲೇ ನಕ್ಕಳು. "ಶನಿವಾರ ಮಧ್ಯಾಹ್ನ ಶಾಲೆ ಬಿಡ್ತದೆ. ಬರ್ತೇನೆ. ನನಗೆ ನೋಡ್ಬೇಕು."

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಶನಿವಾರ ಪ್ರೊಫೆಸರ್ ಇರುತ್ತಾರೆ, ಈಗಿನ ವಿದ್ಯಾರ್ಥಿಗಳೂ ಇರುತ್ತಾರೆ. ಮೊದಲು ಅವರೆಲ್ಲರಿಗೂ ನಾನು ಮಾಡಿದ್ದನ್ನು ಹೇಳುತ್ತೇನೆ. ಆಮೇಲೆ ಅವಳು ನೋಡಲಿ.