ಅಪ್ಪನ ಮುಂದಿನ ಹಲ್ಲು

ಮದುವೆ ಮನೆಯ ಸದ್ದು ಇನ್ನೂ ಮನುಷ್ಯರ ಉಸಿರಿನಿಂದ ಬರುತ್ತಿದ್ದ ಕಾಲವದು. ಯುಗಾದಿ ಮುಗಿದದ್ದೇ ತಡ, ಹುನಗುಂದದ ನಮ್ಮ ಮನೆಯ ಪಡಸಾಲೆಯ ಗೂಟಗಳಿಗೆ ಜರಿಪಟ್ಟಿಯ ಕೆಂಪು ಕೋಟುಗಳು ಬಂದು ನೇತುಬೀಳುತ್ತಿದ್ದವು. ಹೋದ ವರ್ಷದ ಬೆವರು, ಡಾಂಬರು ಗುಳಿಗೆ, ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ, ಇವೆಲ್ಲ ಕೂಡಿದ ವಾಸನೆ ಮೂಗಿಗೆ ಬಡಿಯಿತೆಂದರೆ ನಮಗೆ ಸೂಟಿ ಶುರುವಾದಂತೆ. ಅಪ್ಪ ಮದುವೆ ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುತ್ತಿದ್ದ. ಮಗಳೆಂದು ಉಬ್ಬಿಸಿ ಹೇಳುತ್ತಿಲ್ಲ, ಚಹದಂಗಡಿಯ ಮಂದಿ ಹೇಳುತ್ತಿದ್ದುದನ್ನೇ ಹೇಳುತ್ತೇನೆ: ಬಾದಾಮಿಯಿಂದ ಇಳಕಲ್ಲಿನವರೆಗೆ ಅವನ ಹಾಗೆ ಊದುವವರು ಇನ್ನೊಬ್ಬರಿರಲಿಲ್ಲ.

ಈಗ ನಾನು ಸ್ಯಾಕ್ಸೊಫೋನ್ ಊದುತ್ತೇನೆ. ನಾವು ನಾಲ್ವರು ಗೆಳೆಯರು ಸೇರಿ ಕಟ್ಟಿಕೊಂಡ ರಾಕ್ ಮತ್ತು ಜಾಝ್ ತಂಡ ನಮ್ಮದು. ಯಾವ ಆಡಿಯೊ ಕಂಪನಿಯ ಹಂಗೂ ಇಲ್ಲ, ಆದ್ದರಿಂದ ಯಾವ ಕಂಪನಿಯ ಆಸರೆಯೂ ಇಲ್ಲ. ಕಾರ್ಯಕ್ರಮಗಳಲ್ಲಿ ಒಬ್ಬೊಬ್ಬರ ಸಂಗೀತದ ಹಿನ್ನೆಲೆ ಹೇಳಿ ಎನ್ನುತ್ತಾರೆ. ಕೀಬೋರ್ಡಿನವಳು ಚರ್ಚಿನಲ್ಲಿ ಪಿಯಾನೊ ಕಲಿತವಳು. ಗಿಟಾರಿನವನ ಮನೆಯಲ್ಲಿ ಕಪಾಟು ತುಂಬ ಹಳೆಯ ರೆಕಾರ್ಡುಗಳಿದ್ದವಂತೆ. ಡ್ರಮ್ಮಿನವನು ಧಾರವಾಡದಲ್ಲಿ ತಬಲಾ ಕಲಿಯಲು ಹೋಗಿ, ಗುರುಗಳ ಕೈಲಿ ಬೈಸಿಕೊಂಡು ಈ ಕಡೆ ಬಂದವನು. ಅವರೆಲ್ಲ ನಗುನಗುತ್ತ ಹೇಳಿ ಮುಗಿಸುತ್ತಾರೆ. ನನ್ನ ಸರದಿ ಬಂದಾಗ "ಅಪ್ಪನಿಂದ ಕಲಿತೆ" ಎಂದಷ್ಟೇ ಹೇಳಿ ಮೈಕು ದಾಟಿಸಿಬಿಡುತ್ತೇನೆ. ಆ ಬೇಸಿಗೆಯನ್ನು ನಿಂತ ಕಾಲಲ್ಲಿ ಹೇಳಲು ನನಗೆ ಬರುವುದಿಲ್ಲ.

ಮೆರವಣಿಗೆಯ ಹಾಡುಗಳನ್ನು ಯಾರು ಬೇಕಾದರೂ ಊದುತ್ತಿದ್ದರು. ಅಪ್ಪನ ಹೆಸರು ಇದ್ದದ್ದು ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ. ಮದುಮಗಳು ಜೀಪಿನ ಹತ್ತಿರ ಬಂದು ನಿಲ್ಲುತ್ತಿದ್ದಂತೆ ಅಪ್ಪ ಒಂದು ಹಳೆಯ ಸೋಬಾನೆ ಪದದ ಧಾಟಿಯನ್ನು ಎತ್ತಿಕೊಳ್ಳುತ್ತಿದ್ದ. ಆಕೆಯ ಮುಖ ನೋಡಿಕೊಂಡೇ ಊದುತ್ತಿದ್ದ. ಬಿಕ್ಕಿ ಬಿಕ್ಕಿ ಅಳುತ್ತಿದ್ದರೆ ದನಿಯನ್ನು ಕೆಳಗಿಳಿಸಿ ಜೋಗುಳದ ಹಾಗೆ ಮಾಡುತ್ತಿದ್ದ. ಗಟ್ಟಿಯಾಗಿ ನಿಂತಿದ್ದರೆ ಒಂದೇ ಸ್ವರವನ್ನು ಎಳೆದೆಳೆದು ಅಳಿಸಿಯೇ ಬಿಡುತ್ತಿದ್ದ. ಎರಡು ಮದುವೆಗಳಲ್ಲಿ ಒಂದೇ ಥರ ಊದಿದ್ದನ್ನು ನಾನಂತೂ ಕೇಳಿಲ್ಲ. ಯಾಕೆ ಅಳಿಸುತ್ತೀ ಎಂದು ಕೇಳಿದರೆ, "ಅತ್ತು ಹೋಗ್ಲಿ ಬಿಡವ್ವ, ಎದಿ ಹಗೂರ ಆಗ್ತೈತಿ" ಎನ್ನುತ್ತಿದ್ದ. ನಾವು ಓಣಿಯ ಹುಡುಗಿಯರು ಪಪ್ಪಾಯಿ ಎಲೆಯ ದೇಟು ಕತ್ತರಿಸಿ ಪೀಪಿ ಮಾಡಿಕೊಂಡು, ಯಾರನ್ನಾದರೂ ಮದುಮಗಳು ಮಾಡಿ, ಅವಳು ನಿಜವಾಗಿ ಅಳುವವರೆಗೆ ಊದುತ್ತಿದ್ದೆವು; ಅದೇ ನಮ್ಮ ಆಟ.

ನಾನು ಏಳನೇ ಇಯತ್ತೆ ಮುಗಿಸಿದ ಆ ಬೇಸಿಗೆಯಲ್ಲಿ ನಮ್ಮ ಗಂಗಕ್ಕನ ಮದುವೆ ಗೊತ್ತಾಯಿತು. ಗಂಡು ಇಳಕಲ್ಲಿನವನು. ಬಂಗಾರ, ಸೀರೆ ಯಾವುದಕ್ಕೂ ತಕರಾರು ಮಾಡದ ಅಕ್ಕ ಒಂದೇ ಮಾತು ಕೇಳಿದಳು.

"ಅಪ್ಪಾ, ಊರ ಹೆಣ್ಣುಮಕ್ಕಳನ್ನೆಲ್ಲಾ ಊದಿ ಕಳಿಸೀದಿ. ನನಗ ಎಲ್ಲಾರಕಿಂತ ಚಲೋ ಊದಬೇಕು ನೋಡು."

"ಇಷ್ಟು ವರ್ಷ ಊದಿದ್ದೆಲ್ಲಾ ನಿನ್ನ ಸಲುವಾಗಿ ರೂಢಿ ಮಾಡಿದ್ದವ್ವ" ಎಂದ ಅಪ್ಪ. ಹಾಗೆ ಹೇಳುವಾಗ ನಗಲಿಲ್ಲ. ನಕ್ಕರೆ ಹಲ್ಲು ಕಾಣುತ್ತಿದ್ದವು.

ಕ್ಲಾರ್ನೆಟ್ಟಿನ ಬಾಯಿಯ ಮೇಲೆ ಮೇಲಿನ ಮುಂದಿನ ಹಲ್ಲುಗಳನ್ನು ಊರಬೇಕು. ಅವು ಭದ್ರವಾಗಿದ್ದರೆ ಮಾತ್ರ ಕೆಳತುಟಿ ಸದ್ದು ಹುಟ್ಟಿಸುವ ಆ ತೆಳು ಪಟ್ಟಿಯನ್ನು, ರೀಡನ್ನು, ಹತೋಟಿಯಲ್ಲಿ ಇಡುತ್ತದೆ. ಅಪ್ಪನವು ಆ ವರ್ಷ ಅಲುಗಾಡತೊಡಗಿದ್ದವು. ವಸಡು ಬಾತು, ರೊಟ್ಟಿ ಮುರಿದು ತಿನ್ನಲಾಗದೆ ಮಜ್ಜಿಗೆಯಲ್ಲಿ ನೆನೆಸಿ ನುಂಗುತ್ತಿದ್ದ. ಸೈಕಲ್ ಟ್ಯೂಬಿನ ಚೂರೊಂದನ್ನು ಕತ್ತರಿಸಿ ಕ್ಲಾರ್ನೆಟ್ಟಿನ ಬಾಯಿಗೆ ಅಂಟಿಸಿಕೊಂಡ, ಹಲ್ಲಿಗೆ ಮೆತ್ತಗಿರಲಿ ಎಂದು. ದವಡೆಯಲ್ಲಿ ಸದಾ ಲವಂಗ. ಕುಳಗೇರಿ ಕ್ರಾಸಿನ ಹತ್ತಿರದ ಮದುವೆಯೊಂದರಿಂದ ಬಂದ ದಿನ ರೀಡಿನ ಮೇಲೆ ರಕ್ತದ ಗೆರೆ ಇತ್ತು. ರೀಡು ತೊಳೆದಿಡುವುದು ನನ್ನ ಕೆಲಸವಾದ್ದರಿಂದ ಮೊದಲು ನೋಡಿದವಳು ನಾನೇ. ಅವ್ವನಿಗೆ ಹೇಳಿದೆ. ಅವ್ವ ರೇಗಿದಳು.

"ಕನ್ನಡ್ಯಾಗ ಮಾರಿ ನೋಡ್ಕೋರಿ, ಕುಂಬಳಕಾಯಿ ಆಗೈತಿ. ಬಾಗಲಕೋಟಿಗೆ ಹೋಗಿ ತೋರಿಸ್ಕೊಂಡು ಬರ್ರಿ."

"ಗಂಗಾನ ಮದ್ವಿ ಆಗ್ಲಿ. ಆಮ್ಯಾಲ ಹಲ್ಲಷ್ಟ ಯಾಕ, ನಾಲಿಗಿ ಸೈತ ಕಿತ್ತು ಕೊಡ್ತೇನಿ."

ಆದರೆ ಬಾವು ಮದುವೆಯ ತಾರೀಖು ನೋಡಿಕೊಂಡು ಬರುವುದಿಲ್ಲ. ಅಕ್ಕಿಕಾಳು ಬೀಳುವ ಮುಹೂರ್ತಕ್ಕೆ ವಾರವೂ ಉಳಿದಿರಲಿಲ್ಲ. ಜ್ವರ ಏರಿತು, ಒಂದು ಕಣ್ಣೇ ಮುಚ್ಚಿಹೋಯಿತು. ಬ್ಯಾಂಡಿನಲ್ಲಿ ಸೈಡ್ ಡ್ರಮ್ ಬಾರಿಸುತ್ತಿದ್ದ ಹುಸೇನಸಾಬ ಕಾಕಾ ಟೆಂಪೊ ತಂದು ಅಪ್ಪನನ್ನು ಎತ್ತಿ ಕೂಡಿಸಿದ. ಅವ್ವ ಶಾವಿಗೆ, ಹಪ್ಪಳದ ಗಡಿಬಿಡಿಯಲ್ಲಿದ್ದುದರಿಂದ ನೀರಿನ ಬಾಟಲಿ ಹಿಡಿದು ನಾನು ಹೋದೆ. ಬಾಗಲಕೋಟೆಯ ಹಲ್ಲಿನ ದವಾಖಾನೆಯಲ್ಲಿ ಇನ್ನೂ ಎಳೆಯ ವಯಸ್ಸಿನ ಡಾಕ್ಟರಮ್ಮ ಬಾಯಿ ತೆಗೆಸಿ ನೋಡಿ, "ಇಷ್ಟು ದಿನ ಏನ್ ಮಾಡ್ತಿದ್ರಿ ಅಜ್ಜಾ?" ಎಂದಳು. ಅಜ್ಜ ಎನಿಸಿಕೊಳ್ಳುವ ವಯಸ್ಸಲ್ಲ ಅವನದು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದ. ಅಂದು ಅಂಗಿಯ ಕಿಸೆಯಿಂದ ಕ್ಲಾರ್ನೆಟ್ಟಿನ ಬಾಯಿಯ ತುಂಡನ್ನು ತೆಗೆದು ಆಕೆಗೆ ತೋರಿಸಿದ. ಮನೆಯಿಂದ ಬರುವಾಗ ಅದನ್ನು ಕಿಸೆಗೆ ಹಾಕಿಕೊಂಡದ್ದು ನಮಗೆ ಗೊತ್ತೇ ಇರಲಿಲ್ಲ.

"ನೋಡ್ರಿ ಅವ್ವಾರ, ಇದು ಹಿಂಗ ಕೂಡಬೇಕು. ಮ್ಯಾಲಿನ ಮುಂದಿನ ಎರಡು ಬಿಡ್ರಿ, ಉಳದದ್ದೆಲ್ಲಾ ತಗೀರಿ."

ಡಾಕ್ಟರಮ್ಮ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು. ಒಳ್ಳೆಯ ಹೆಣ್ಣುಮಗಳು. "ಅವೆರಡರ ಬುಡದಾಗೇ ಕೀವು ಐತ್ರಿ. ವಸಡು ಮಾಯಲಿ, ಆಮೇಲೆ ಹೊಸಾ ಹಲ್ಲು ಕೂಡಿಸಿಕೊಡ್ತೀವಿ" ಎಂದಳು. ಮಾಯಲು ಎಷ್ಟು ದಿನ ಬೇಕೆಂದು ಹುಸೇನಸಾಬ ಕಾಕಾ ಕೇಳಿದ. ತಿಂಗಳುಗಟ್ಟಲೆ ಬೇಕಂತೆ. ಅಪ್ಪ ನನ್ನ ಕಡೆ ನೋಡಿದ. ನಾನು ಬಾಟಲಿಯ ಮುಚ್ಚಳ ತೆಗೆದು ನೀರು ಕೊಟ್ಟೆ.

ಹಲ್ಲಿಲ್ಲದ ಅಪ್ಪ ಮನೆಗೆ ಬಂದ. ಮಾರನೆಯ ದಿನವೇ ಹಿತ್ತಲಿಗೆ ಹೋಗಿ ಮೇಲ್ದುಟಿ ಮಡಚಿಕೊಂಡು ಊದಲು ನೋಡಿದ. ಗಾಳಿ ಪಕ್ಕದಿಂದ ಸೋರುತ್ತಿತ್ತು. ಹುಸೇನಸಾಬ ಕಾಕಾ ಮೆಲ್ಲಗೆ ಹೇಳಿದ, "ಬಸಣ್ಣಾ, ಈ ಸಲ ಕ್ಯಾಸಿಯೋ ಕೀಬೋರ್ಡಿನ ಹುಡುಗಗ ಹೇಳೂಣು."

"ನನ್ನ ಮಗಳನ್ನ ಡಬ್ಬಿ ಬಾರಿಸಿ ಕಳಸಂತೀಯೇನಲೇ?"

ಆ ಧಾಟಿ ನನಗೆ ಸುಮಾರಾಗಿ ಬರುತ್ತಿತ್ತು. ಅಪ್ಪನೇ ಮಧ್ಯಾಹ್ನಗಳಲ್ಲಿ ಸುಮ್ಮನೆ ಆಟಕ್ಕೆಂದು ಕಲಿಸಿದ್ದ. "ನಾ ಊದ್ಲೇನಪ್ಪಾ?" ಎಂದೆ. ಹೆಣ್ಣುಹುಡುಗಿ ಬ್ಯಾಂಡಿನಲ್ಲಿ ನಿಲ್ಲುವುದನ್ನು ನಮ್ಮ ಕಡೆ ಯಾರೂ ಕಂಡಿರಲಿಲ್ಲ. ಅಪ್ಪ ಬಯ್ಯಲಿಲ್ಲ, ನನ್ನ ತಲೆ ಸವರಿದ, ಅಷ್ಟೆ. ಅವ್ವ ಒಳಗಿನಿಂದ "ಬೀಗರು ಏನಂದಾರು" ಎಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಮದುವೆ ಚೆನ್ನಾಗಿಯೇ ಆಯಿತು. ಬುಂದಿ, ಎಣಗಾಯಿ ಎಲ್ಲವೂ ಇದ್ದವು. ಅಪ್ಪ ಗಂಜಿ ಕುಡಿದು, ಕೆಂಪು ಕೋಟು ಹಾಕಿಕೊಂಡು, ಮಗಳ ಮದುವೆಯಲ್ಲಿ ಬ್ಯಾಂಡಿನವರ ಸಾಲಿನಲ್ಲೇ ನಿಂತ. ಇಳಿಹೊತ್ತಿಗೆ ಅಕ್ಕ ಜೀಪು ಹತ್ತಿದಳು. ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ಕ್ಲಾರ್ನೆಟ್ ಎತ್ತಿ ಬಾಯಿಗಿಟ್ಟ. ಕಣ್ಣು ಅಕ್ಕನ ಮುಖದ ಮೇಲೆ. ಬೆರಳುಗಳು ಸರಿಯಾಗಿಯೇ ಆಡಿದವು. ಬಂದದ್ದು ಬರೀ ಗಾಳಿ. ಮತ್ತೆ ಊದಿದ. ಕಿಂಯ್ ಎಂದು ಒಂದು ಕೆಟ್ಟ ಸದ್ದು ಹೊರಟಿತು. ಹುಡುಗರು ಕಿಸಕ್ಕೆಂದು ನಕ್ಕರು. ಹುಸೇನಸಾಬ ಕಾಕಾ ಡ್ರಮ್ಮಿನ ಕಡ್ಡಿ ಕೆಳಗಿಳಿಸಿ ಮುಖ ಆ ಕಡೆ ಮಾಡಿಕೊಂಡ. ಮೂರನೆಯ ಸಲ ಊದಲು ಅಪ್ಪ ಉಸಿರು ತುಂಬಿಕೊಳ್ಳುತ್ತಿದ್ದಾಗ ಅಕ್ಕ ಜೀಪಿನಿಂದ ಬಗ್ಗಿ ಅವನ ಕೈ ಹಿಡಿದಳು.

"ಸಾಕು ಬಿಡಪ್ಪಾ. ನನಗ ಕೇಳಿಸ್ತು."

ನಾನು ಅಷ್ಟು ಅತ್ತದ್ದು ಅದೇ ಮೊದಲು. ಜೀಪು ಹೋಯಿತು. ಅಪ್ಪ ಕ್ಲಾರ್ನೆಟ್ಟನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ನನ್ನ ಕೈಗೆ ಕೊಟ್ಟ. ಮುಂದೆ ಕಟ್ಟಿಸಿದ ಹಲ್ಲು ಬಂದರೂ ಊದಿದಾಗ ಅಲುಗುತ್ತಿತ್ತು. ಇನ್ನೊಂದೆರಡು ವರ್ಷ ಅದೇ ಬ್ಯಾಂಡಿನ ಹಿಂದಿನ ಸಾಲಿನಲ್ಲಿ ತಾಳ ಹಿಡಿದು ನಡೆದ. ಆಮೇಲೆ ಡಿಜೆ ಬಂತು, ಬ್ಯಾಂಡೇ ಉಳಿಯಲಿಲ್ಲ.

ಅಪ್ಪ ಊದಿದ್ದು ಒಂದಾದರೂ ಎಲ್ಲಾದರೂ ಉಳಿದಿರಬೇಕಲ್ಲ ಎಂದು ದೊಡ್ಡವಳಾದ ಮೇಲೆ ಹುಡುಕಿದೆ. ಆಗ ಫೋನಿನಲ್ಲಿ ಹಿಡಿದಿಡುವ ಕಾಲವಲ್ಲ. ಇದ್ದದ್ದು ಮದುವೆಯ ವಿಡಿಯೊ ಮಾತ್ರ. ಊರೂರು ಅಲೆದು, ಯಾರ್ಯಾರದೋ ಮನೆಯ ಟ್ರಂಕಿನಿಂದ ತೆಗೆಸಿ ನೋಡಿದೆ. ನಮ್ಮ ಕಡೆಯ ಸ್ಟುಡಿಯೊಗಳ ಪದ್ಧತಿ ನಿಮಗೂ ಗೊತ್ತಿರಬಹುದು. ಮದುವೆಯ ನಿಜವಾದ ಸದ್ದನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಸಿನಿಮಾ ಹಾಡು ತುಂಬಿಬಿಡುತ್ತಾರೆ. ಅಕ್ಕನ ವಿಡಿಯೊದಲ್ಲಿ ಆ ಕಿಂಯ್ ಸದ್ದು ಅಳಿಸಿಹೋಗಿದ್ದಕ್ಕೆ ಸ್ಟುಡಿಯೊದವನಿಗೆ ಕೈಮುಗಿದೆ. ಉಳಿದವುಗಳಲ್ಲೂ ಅಪ್ಪ ಕಾಣುತ್ತಾನೆ, ಕೆನ್ನೆ ಉಬ್ಬುತ್ತದೆ, ಮದುಮಗಳು ಅಳುತ್ತಾಳೆ, ಹಾಡುವವರು ಮಾತ್ರ ಯಾರೋ. ಆ ಸ್ಟುಡಿಯೊದ ಪುಣ್ಯಾತ್ಮರನ್ನು ಬಯ್ದು ಬಯ್ದು ಸಾಕಾಗಿದೆ.

ಈಚೆಗೆ ತುಳಸಿಗೇರಿಯಲ್ಲಿ ಸಿಕ್ಕ ವಿಡಿಯೊ ಒಂದನ್ನು ಅಪ್ಪನಿಗೆ ತೋರಿಸಿದೆ. ಹಲ್ಲು ಗಟ್ಟಿಯಿದ್ದ ಕಾಲದ್ದು. ಅಪ್ಪ ಲ್ಯಾಪ್‌ಟಾಪಿಗೆ ಮುಖ ಹತ್ತಿರ ತಂದು ತನ್ನನ್ನು ತಾನು ನೋಡಿಕೊಂಡ. ಏನು ಊದುತ್ತಿದ್ದೆ, ಗುನುಗಿ ತೋರಿಸು ಎಂದೆ. ಗುನುಗಲು ಹೋಗಿ ಸಿನಿಮಾ ಹಾಡಿಗೆ ಸಿಕ್ಕಿಕೊಂಡ.

"ಅಕಿ ಮಾರಿ ನೋಡಿ ಊದಿದ್ದವ್ವ ಅದು. ಈಗ ಹೆಂಗ ಬರಬೇಕು?" ಎಂದ. ಪರದೆಯ ಕಡೆ ಬೆರಳು ಮಾಡಿ ಕೇಳಿದ, "ನೀ ಹಾಡು ಮುದ್ರಿಸೂ ಕಡೆ ಇರ್ತೀ ಅಲಾ. ಈ ಸಿನಿಮಾ ಹಾಡು ತಗದ್ರ, ತಳಗ ನಂದು ಇರ್ತೈತೇನು?"

ತಳದಲ್ಲಿ ಏನೂ ಇಲ್ಲವೆಂದು ಹೇಳಲು ಬಾಯಿ ಬರಲಿಲ್ಲ. "ನೋಡ್ತೇನಪ್ಪಾ" ಎಂದೆ.

ಈಗ ಫೋನ್ ಮಾಡಿದಾಗಲೆಲ್ಲ ಊಟ, ಮಳೆ, ಅಕ್ಕನ ಮಕ್ಕಳು ಎಲ್ಲ ಮಾತು ಮುಗಿದ ಮೇಲೆ ಅಪ್ಪ ಫೋನ್ ಇಡುವುದಿಲ್ಲ. ಆಮೇಲೆ ಕೇಳುತ್ತಾನೆ, "ಸಿಕ್ತೇನವ್ವ?"

"ಇನ್ನೂ ಇಲ್ಲಪ್ಪಾ" ಎನ್ನುತ್ತೇನೆ.