ಕಾಪುವಿನ ಬಿಸಿಲಿನಲ್ಲಿ ನಿಲ್ಲಿಸಿದ ಕಾರು

ನನ್ನ ಅಕ್ಕನ ಗಂಡನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಗಲ್ಫಿನಿಂದ ಮರಳಿದ ಮೇಲೆ ತೆಂಗಿನ ರೋಗದಿಂದ ಹಿಡಿದು ಮೊಣಕಾಲಿನ ಆಪರೇಷನ್‌ವರೆಗೆ ಎಲ್ಲದರಲ್ಲೂ ಅವರದೇ ಕೊನೆಯ ಮಾತು. ನಾನು ಮಣಿಪಾಲದ ಬಾಡಿಗೆ ಫ್ಲ್ಯಾಟ್ ಬಿಟ್ಟು ಎಲ್ಲೂರಿನ ಮನೆಗೆ ಹೊರಟಾಗ, ಬೆಕ್ಕು ಸಾಗಿಸುವ ವಿದ್ಯೆಯೂ ಅವರಿಗೆ ಕರಗತವೆಂದು ತಿಳಿಯಿತು.

"ಪುಚ್ಚೆಗೆ ಎಂತದ್ದು ಬುಟ್ಟಿ ಮಾರಾಯ್ತಿ? ಗೋಣಿಯಲ್ಲಿ ಹಾಕಿ ಬಾಯಿ ಕಟ್ಟು. ಟೆಂಪೋದಲ್ಲಿ ಕಪಾಟಿನ ಹಿಂದೆ ಜಾಗ ಉಂಟು."

ನನ್ನ ಬೆಕ್ಕಿಗೆ ವಯಸ್ಸಾಗಿತ್ತು; ಒಂದು ಕಣ್ಣು ಮಂಜಾಗಿತ್ತು. ಪ್ಲಾಸ್ಟಿಕ್ ಬುಟ್ಟಿಯನ್ನು ವಾರಗಟ್ಟಲೆ ಅಡುಗೆಮನೆಯಲ್ಲಿ ತೆರೆದಿಟ್ಟು, ನನ್ನ ಹಳೆಯ ನೈಟಿ ಹಾಸಿ, ಅದರೊಳಗೇ ಬೂತಾಯಿ ಮೀನು ತಿನ್ನಿಸಿ ಅಭ್ಯಾಸ ಮಾಡಿಸಿದ್ದೆ. ದಾರಿಯಲ್ಲಿ ವಾಂತಿಯಾಗದಿರಲೆಂದು ಹೊರಡುವ ಬೆಳಿಗ್ಗೆ ತಿನ್ನಲು ಕೊಟ್ಟಿರಲಿಲ್ಲ. "ಏಕಾದಶಿಯಾ?" ಎಂದು ಭಾವ ನಕ್ಕರು. ತಮ್ಮ ಮಾತಿಗೆ ತಾವೇ ಮೊದಲು ನಗುವುದು ಅವರ ಪದ್ಧತಿ, ಬೇರೆಯವರು ನಗುತ್ತಾರೆಂಬ ಭರವಸೆ ಇಲ್ಲದ್ದರಿಂದ.

ಸಾಮಾನಿನ ಟೆಂಪೋದಲ್ಲಿ ಮುಂದೆ ಹೋದ ಅಕ್ಕನ ಒತ್ತಾಯಕ್ಕೆ ಭಾವನ ಹೊಸ ಕಾರು ಹತ್ತಿದೆ. ಹಿಂದಿನ ಸೀಟಿಗೆ ದಪ್ಪವಾಗಿ ಪೇಪರ್ ಹಾಸಿದ್ದರು, ಬೆಕ್ಕಿಗಲ್ಲ, ಸೀಟಿಗೆ ವಾಸನೆ ಹಿಡಿಯಬಾರದೆಂದು. ಬುಟ್ಟಿಗೆ ಸೀಟ್ ಬೆಲ್ಟ್ ಹಾಕಿ ಪಕ್ಕದಲ್ಲಿ ಕುಳಿತೆ. ಉಡುಪಿ ದಾಟುವವರೆಗೂ ಅದು ಅಳುತ್ತಿತ್ತು. ಕಟಪಾಡಿಯ ಹೊತ್ತಿಗೆ ಸುಮ್ಮನಾಯಿತು.

ಕಾಪುವಿನಲ್ಲಿ ಎಳನೀರಿನ ರಾಶಿ ಕಂಡು ಭಾವ ಕಾರು ನಿಲ್ಲಿಸಿದರು. ಎದುರಿನ ಹೋಟೆಲಿನಲ್ಲಿ ಶೌಚಾಲಯಕ್ಕೆ ಹೋಗಿ ಬರುತ್ತೇನೆ, ಎಸಿ ಹಾಕಿಯೇ ಇರಲಿ, ಎಂದು ಹೇಳಿ ಇಳಿದೆ. ಮರಳಿ ಬಂದಾಗ ಇಂಜಿನ್ ಆಫ್, ಗಾಜುಗಳೆಲ್ಲ ಮೇಲೆ, ಬಾಗಿಲು ಲಾಕ್. ಕಾರು ಸುಡುಬಿಸಿಲಿನಲ್ಲಿತ್ತು. ಒಳಗೆ ನನ್ನ ಬೆಕ್ಕು ನಾಯಿಯ ಹಾಗೆ ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿತ್ತು. ಭಾವ ನೆರಳಿನಲ್ಲಿ ನಿಂತು, ಯಾರೋ ಪರಿಚಯದವರಿಗೆ ಮರುಭೂಮಿಯ ಸೆಕೆ ಹೇಗಿರುತ್ತದೆಂದು ವರ್ಣಿಸುತ್ತಿದ್ದರು.

"ಭಾವ, ಕೀ ಕೊಡಿ!"

"ಈಗಷ್ಟೇ ಆಫ್ ಮಾಡಿದ್ದು. ಪುಚ್ಚೆಗೂ ಎಸಿ ಬೇಕಾ? ನಿಲ್ಲು, ಬೊಂಡ ಕುಡಿದು ಬರ್ತೇನೆ."

ನಾನು ರಾಶಿಯಿಂದ ಒಂದು ಎಳನೀರು ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಕಾರಿನ ಗಾಜಿನ ಎದುರು ನಿಂತೆ. "ಈಗ ತೆಗೀತೀರೋ, ನಾನೇ ತೆಗೀಲೋ?"

ಅವರು ಅಷ್ಟು ವೇಗವಾಗಿ ಓಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಗಾಜಿನ ಮೇಲಿನ ಪ್ರೀತಿ ಅಂಥದ್ದು.

ಬುಟ್ಟಿಯನ್ನು ನೆರಳಿಗೆ ತಂದು ಬೆಕ್ಕಿನ ಪಾದಗಳನ್ನೂ ಕಿವಿಗಳನ್ನೂ ಒದ್ದೆ ಮಾಡಿದೆ. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು. ಅಂಗೈಯ ನೀರನ್ನು ನೆಕ್ಕಿತು.

"ಆಯ್ತಲ್ಲ, ಹತ್ತು ಇನ್ನು. ಜನ ನೋಡ್ತಾರೆ," ಎಂದರು ಭಾವ.

"ನೋಡ್ಲಿ," ಎಂದು ರಿಕ್ಷಾ ಕರೆದೆ. ಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಎಲ್ಲೂರು ತಲುಪಿದೆ. ಒಂದು ಕೋಣೆಗೆ ಬೆಕ್ಕನ್ನು ಬಿಟ್ಟು ಬಾಗಿಲು ಹಾಕಿದೆ. ಅದು ಮಂಚದ ಕೆಳಗೆ ನುಸುಳಿತು.

ಸಂಜೆ ಜಗಲಿಯಲ್ಲಿ ಚಾ ಕುಡಿಯುತ್ತಾ ಭಾವ ಹೊಸ ನೆರೆಯವರಿಗೆ ಹೇಳುತ್ತಿದ್ದರು: "ಪ್ರಾಣಿಗಳನ್ನು ಕರ್ಕೊಂಡು ಬರುವಾಗ ನಡುವೆ ಒಮ್ಮೆ ನಿಲ್ಲಿಸಿ ನೀರು ಕೊಡ್ಬೇಕು. ನಾನು ಕಾಪುವಿನಲ್ಲಿ ನಿಲ್ಲಿಸಿದೆ, ಅಲ್ವಾ?"

ಅಕ್ಕ ನನ್ನ ಮುಖ ನೋಡಿದಳು. ನಾನು ಭಾವನ ಲೋಟಕ್ಕೆ ಇನ್ನಷ್ಟು ಚಾ ಸುರಿದೆ. ಅಂಥವರನ್ನು ತಿದ್ದುವುದಕ್ಕಿಂತ ಬೆಕ್ಕಿಗೆಂದು ಬೂತಾಯಿಯ ಮುಳ್ಳು ತೆಗೆಯುವುದು ಉಪಯೋಗದ ಕೆಲಸ. ಒಳಗೆ ಹೋಗಿ ಅದನ್ನೇ ಮಾಡಿದೆ.